ಪುಟ್ಟಿಯ ಟೆನ್ಸ್ ಪಟ್ಟಿ: ಅಕ್ಕನಿಗೆ ಉತ್ತರ

ಅಕ್ಕಾ, ನಿನ್ನ ಮೆಸೇಜ್ ನೋಡಿದೆ. ಪುಟ್ಟಿ ‘ಡಿಡ್ ಹಿ ವಾಕ್ಟ್’ ಅಂತ ಬರೆದು ಮಾರ್ಕ್ಸ್ ಹೋಯ್ತು, ಇಂಗ್ಲಿಷ್‌ನ 12 ಟೆನ್ಸ್‌ಗಳ, ಅಂದ್ರೆ ಕಾಲರೂಪಗಳ, ಪಟ್ಟಿ ಬಾಯಿಪಾಠ ಮಾಡಿಸ್ಲಾ ಅಂತ ಕೇಳಿದ್ದೀಯ. ಅದರ ಕೆಳಗೆ ಭಾವನೂ ದಿನಾ ಬರೆಸು ಅಂದಿದ್ದಾರೆ. ಬೇಡ ಅಕ್ಕ, ಬರೆಸ್ಬೇಡ. ಯಾಕೆ ಅಂತ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಪೂರ್ತಿ ಕೇಳು. ಭಾವನಿಗೂ ಕೇಳಿಸು.

ನಮ್ಮ ಕನ್ನಡದಲ್ಲಿ ನಡೆದೆ, ನಡೆದೆವು, ನಡೆದಿರಿ, ನಡೆದಳು, ನಡೆದರು ಅಂತ ಆಳಿಗೊಂದು ರೂಪ. ಇಂಗ್ಲಿಷ್‌ನಲ್ಲಿ ಐ, ವಿ, ಯು, ಶಿ, ದೇ, ಯಾರೇ ಆಗ್ಲಿ ಅದೇ ಒಂದು ವಾಕ್ಟ್. ರೆಗ್ಯುಲರ್ ಕ್ರಿಯಾಪದಕ್ಕೆ, ಅಂದ್ರೆ ಭೂತಕಾಲದಲ್ಲಿ ಬರೀ ಇ, ಡಿ ಸೇರೋ ಪದಕ್ಕೆ, ಇರೋದೇ 4 ರೂಪ: ವಾಕ್, ವಾಕ್ಸ್, ವಾಕ್ಟ್, ವಾಕಿಂಗ್. ಇಷ್ಟನ್ನ ಪುಟ್ಟಿ ಯಾವತ್ತೋ ಕಲ್ತಿದ್ದಾಳೆ. 12 ಸಾಲಿನ ಪಟ್ಟಿಲಿ ಬದಲಾಗ್ತಾ ಹೋಗೋದು ಅದಕ್ಕಿಂತ ಮೊದಲು ಬರೋ ಸಹಾಯಕ ಪದಗಳು, ಅಂದ್ರೆ ಡು, ಬಿ, ಹ್ಯಾವ್, ವಿಲ್. ಅವಳು ಎಡವ್ತಿರೋದು ಅಲ್ಲಿ.

ಈಗ ಅವಳಿಗೆ ಒಂದೇ ಒಂದು ವಿಷಯ ಕೂರಿಸಿ ಹೇಳು. ಎಷ್ಟೇ ಕ್ರಿಯಾಪದ ಸಾಲಾಗಿ ನಿಂತಿದ್ರೂ ಕಾಲದ ಗುರುತು ಬೀಳೋದು ಅದರಲ್ಲಿ ಮೊದಲನೇದಕ್ಕೆ ಮಾತ್ರ. ‘ಹಿ ಈಸ್ ವಾಕಿಂಗ್’ ಹಿಂದಕ್ಕೆ, ಅಂದ್ರೆ ಭೂತಕಾಲಕ್ಕೆ, ಹೋದ್ರೆ ‘ಹಿ ವಾಸ್ ವಾಕಿಂಗ್’. ‘ಹಿ ಹ್ಯಾಸ್ ಬೀನ್ ವಾಕಿಂಗ್’ ಹಿಂದಕ್ಕೆ ಹೋದ್ರೆ ‘ಹಿ ಹ್ಯಾಡ್ ಬೀನ್ ವಾಕಿಂಗ್’. ಬೀನ್ ಅಲುಗಲಿಲ್ಲ, ವಾಕಿಂಗೂ ಅಲುಗಲಿಲ್ಲ, ನೋಡು. ಹಾಗೇ ‘ಡಿಡ್ ಹಿ ವಾಕ್’. ಭೂತಕಾಲವನ್ನ ಡಿಡ್ ಹೊತ್ಕೊಂಡು ಆಯ್ತು, ಮತ್ತೆ ವಾಕ್‌ಗೆ ಹೊರಿಸೋ ಹಾಗಿಲ್ಲ. ಒಂದೇ ಒರೆಯಲ್ಲಿ ಎರಡು ಕತ್ತಿ ಹಿಡಿಸಲ್ಲ. ‘ಡಸ್ ಹಿ ವಾಕ್ಸ್’ ತಪ್ಪಾಗೋದೂ ಇದಕ್ಕೇ, ಆ ಸ್ ಅನ್ನ ಡಸ್ ಆಗ್ಲೇ ತಗೊಂಡಿರುತ್ತೆ.

ಆಮೇಲೆ ಬರೋ ಪದ ಯಾವ ರೂಪದಲ್ಲಿರ್ಬೇಕು ಅನ್ನೋದನ್ನ ಅದಕ್ಕಿಂತ ಮೊದಲು ಬಂದ ಪದ ತೀರ್ಮಾನ ಮಾಡುತ್ತೆ. ಡು, ವಿಲ್, ಕ್ಯಾನ್ ಆದ್ಮೇಲೆ ಬರೀ ವಾಕ್. ಹ್ಯಾವ್ ಆದ್ಮೇಲೆ ವಾಕ್ಟ್. ಬಿ ಆದ್ಮೇಲೆ ವಾಕಿಂಗ್, ಕರ್ಮಣಿ ಪ್ರಯೋಗ ಆದ್ರೆ ಮಾತ್ರ ‘ವಾಸ್ ಪೇಂಟೆಡ್’ ಥರ. ಇಷ್ಟು ಗೊತ್ತಿದ್ರೆ ‘ವಿಲ್ ಹ್ಯಾವ್ ಬೀನ್ ವಾಕಿಂಗ್’ ಅನ್ನೋ ಆ ಭಯಂಕರ ಸಾಲನ್ನೂ ಅವಳೇ ಕಟ್ತಾಳೆ.

ಇಲ್ಲಿ ಒಂದು ಕಡೆ ಅವಳು ಖಂಡಿತ ಕೇಳ್ತಾಳೆ: ‘ಹ್ಯಾಸ್ ವಾಕ್ಟ್’ ಸರಿ, ‘ಡಿಡ್ ವಾಕ್ಟ್’ ಯಾಕೆ ತಪ್ಪು? ಕೇಳ್ಲೇಬೇಕು, ಒಳ್ಳೇ ಪ್ರಶ್ನೆ ಅದು. ರೆಗ್ಯುಲರ್ ಕ್ರಿಯಾಪದದಲ್ಲಿ ಭೂತಕಾಲದ ರೂಪ, ಹ್ಯಾವ್ ಜೊತೆ ಬರೋ ರೂಪ, ಎರಡೂ ನೋಡೋಕೆ ಒಂದೇ ಥರ. ಕಾಣೋದು ಒಂದೇ, ಕೆಲಸ ಬೇರೆ. ಅನುಮಾನ ಬಂದಾಗ ವಾಕ್ ತೆಗೆದು ಆ ಜಾಗಕ್ಕೆ ಈಟ್ ಹಾಕಿ ನೋಡು ಅನ್ನು. ‘ಹ್ಯಾಸ್ ಈಟನ್’, ‘ಡಿಡ್ ಈಟ್’. ಏಟ್ ಅನ್ನೋದು ಎರಡು ಕಡೆನೂ ಕೂರಲ್ಲ ಅಂತ ಅವಳ ಕಿವಿಗೇ ಗೊತ್ತಾಗುತ್ತೆ.

ಇನ್ನು ‘ಇಫ್’ ವಾಕ್ಯ. ಪಾಠದಲ್ಲಿ ಇದನ್ನ ಅವಸರದಲ್ಲಿ ಮುಗಿಸಿಬಿಡ್ತಾರೆ, ನನಗೆ ಬಹಳ ಇಷ್ಟವಾದ ಭಾಗ ಇದು. ‘ಇಫ್ ಐ ವಾಕ್ಟ್ ಎವ್ರಿ ಡೇ, ಐ ವುಡ್ ಫೀಲ್ ಬೆಟರ್’. ಮಾತು ನಿನ್ನೆದಲ್ಲ, ಇವತ್ತಿಂದು, ಆದ್ರೂ ವಾಕ್ಟ್. ಮಕ್ಕಳು ಗಾಬರಿ ಆಗ್ತಾರೆ. ಕನ್ನಡದಲ್ಲಿ ನಾವು ಏನಂತೀವಿ? ‘ದಿನಾ ನಡೆದರೆ’. ಆ ನಡೆದರೆ ಒಳಗೆ ಕೂತಿರೋದು ನಡೆದ ಅನ್ನೋ ಭೂತಕಾಲದ ರೂಪವೇ ಅಲ್ವಾ? ‘ನಾಳೆ ಮಳೆ ಬಂದರೆ’ ಅಂದಾಗ ಯಾರಾದ್ರೂ ನಿನ್ನೆಯ ಮಳೆ ಅನ್ಕೋತಾರಾ? ಕೈಮೀರಿ ಹೋದ ವಿಷಯಕ್ಕೆ ನಾವು ಇನ್ನೊಂದು ಹೆಜ್ಜೆ ಹಿಂದೆ ಹೋಗಿ ‘ನಡೆದಿದ್ದರೆ’ ಅಂತೀವಿ, ಅವರೂ ‘ಇಫ್ ಐ ಹ್ಯಾಡ್ ವಾಕ್ಟ್’ ಅಂತಾರೆ. ಎರಡು ಭಾಷೆಗೂ ಯಾವ ನೆಂಟಸ್ತಿಕೆನೂ ಇಲ್ಲ, ಆದ್ರೂ ಇಬ್ಬರೂ ಅದೇ ದಾರಿ ಹಿಡಿದಿದ್ದಾರೆ! ಕನ್ನಡ ಗೊತ್ತಿರೋ ಮಗುಗೆ ಇದು ಹೊಸದೇ ಅಲ್ಲ. ದಯವಿಟ್ಟು ಇದನ್ನ ಅವಳಿಗೆ ಕನ್ನಡದಲ್ಲೇ ತೋರಿಸು.

ಆಜ್ಞೆ ಸುಲಭ, ಬರೀ ‘ವಾಕ್’. ಸಲಹೆ, ಒತ್ತಾಯ ಹೇಳೋ ವಾಕ್ಯದಲ್ಲೂ ಅದೇ ಬರಿಗಾಲಿನ ರೂಪ: ‘ದ ಡಾಕ್ಟರ್ ಸಜೆಸ್ಟೆಡ್ ದಟ್ ಹಿ ವಾಕ್ ಡೈಲಿ’. ಇಲ್ಲಿ ವಾಕ್ಸ್ ಇಲ್ಲ, ವಾಕ್ಟ್ ಇಲ್ಲ. ಬ್ರಿಟಿಷರು ಹೆಚ್ಚಾಗಿ ‘ಹಿ ಶುಡ್ ವಾಕ್’ ಅಂತಾರೆ, ಅದೂ ಸರಿ.

ಉಚ್ಚಾರಣೆ ಬಿಟ್ಟೆ ನೋಡು. ಬರೆಯೋದು ಎಲ್ಲ ಕಡೆ ಇ, ಡಿ. ಬಾಯಲ್ಲಿ ಮೂರು ಥರ. ವಾಕ್ಟ್ ಕೊನೆಗೆ ಟ್, ಪ್ಲೇಡ್ ಕೊನೆಗೆ ಡ್, ವಾಂಟೆಡ್‌ನಲ್ಲಿ ಮಾತ್ರ ಪೂರ್ತಿ ಇಡ್. ಮೂಲ ಪದ ಟ್ ಅಥವಾ ಡ್ ಸದ್ದಿನಲ್ಲಿ ಮುಗಿದ್ರೆ ಮಾತ್ರ ಆ ಹೆಚ್ಚಿನ ಇಡ್. ಉಳಿದಿದ್ದಕ್ಕೆ ಗಂಟಲ ಮೇಲೆ ಬೆರಳಿಟ್ಟು ಆ ಪದದ ಕೊನೇ ಸದ್ದು ಹೇಳಿಸು: ಗಂಟಲು ನಡುಗಿದ್ರೆ ಡ್, ನಡುಗದಿದ್ರೆ ಟ್. ‘ಸ್ಟಾಪೆಡ್’, ‘ಹೆಲ್ಪೆಡ್’ ಅನ್ನೋದು ಇದರಿಂದ ತಾನಾಗೇ ಹೋಗುತ್ತೆ. ಕಾಗುಣಿತದಲ್ಲಿ ಸ್ಟಡಿಯ ವೈ ಐ ಆಗುತ್ತೆ, ಪ್ಲೇದು ಆಗಲ್ಲ. ಸ್ಟಾಪ್‌ಗೆ ಎರಡು ಪಿ, ವಿಸಿಟ್‌ಗೆ ಒಂದೇ ಟಿ. ಅದು ಓದ್ತಾ ಬರೀತಾ ಬರುತ್ತೆ, ಈಗ್ಲೇ ತಲೆ ತಿನ್ಬೇಡ.

ಇವತ್ತು ರಾತ್ರಿ ಪಟ್ಟಿ ಪಕ್ಕಕ್ಕಿಟ್ಟು ಅವಳ ಪಾಠದಿಂದಲೇ ಯಾವುದಾದ್ರೂ ವಾಕ್ಯ ತಗೋ. ಮೊದಲನೇ ಕ್ರಿಯಾಪದ ಯಾವುದು ಅಂತ ಬೆರಳು ಇಡಿಸು, ಅದೊಂದನ್ನೇ ಹಿಂದಕ್ಕೆ ಕಳಿಸೋಕೆ ಹೇಳು. ಆಮೇಲೆ ಅದೇ ವಾಕ್ಯವನ್ನ ಪ್ರಶ್ನೆ ಮಾಡಿಸು. ಅವಳು ಬರೆದಿದ್ದನ್ನ ಫೋಟೋ ತೆಗೆದು ಇಲ್ಲೇ ಹಾಕು, ನಾನು ನೋಡಿ ಹೇಳ್ತೀನಿ.