‘ಕ್ವಿಲ್ಟ್’ಗೆ ಕೌದಿ ಅನ್ನಬಹುದೇ? ಜೊತೆಗೆ ‘ಭೂಗತ ರೈಲು’

ಎಲ್ಲರಿಗೂ ನಮಸ್ಕಾರ.

ಒಂದು ಚಿತ್ರದ ಕೆಳಗೆ ಎರಡು ಸಾಲು ಅಡಿಬರಹ ಬರೆಯಬೇಕಿತ್ತು. ಮೂರು ದಿನವಾದರೂ ಮುಗಿದಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಚಿತ್ರ ಬೀಸಾ ಬಟ್ಲರ್ ಅವರದು. ಅಮೆರಿಕದ ಈ ಕಲಾವಿದೆ ಕಪ್ಪು ಜನರ ಹಳೆಯ ಫೋಟೊಗಳನ್ನು ಇಟ್ಟುಕೊಂಡು, ಕುಂಚದ ಬದಲು ಸೂಜಿ ದಾರ ಹಿಡಿದು ಬಟ್ಟೆಯಲ್ಲೇ ಆಳೆತ್ತರದ ಚಿತ್ರ ಮಾಡುತ್ತಾರೆ. ನನಗೆ ಬಂದಿರುವುದು, ಗುಲಾಮರನ್ನು ಗುಟ್ಟಾಗಿ ಬಿಡಿಸಿ ಕರೆತಂದ ಹ್ಯಾರಿಯೆಟ್ ಟಬ್ಮನ್ ಅವರ 2021ರ ಚಿತ್ರ. ಈಗ ಅದು ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ಮ್ಯೂಸಿಯಮ್ಮಿನಲ್ಲಿದೆ. ಅದಕ್ಕೆ ಆಧಾರ 1868ರ ಸುಮಾರಿಗೆ ತೆಗೆದ ಒಂದು ಪುಟ್ಟ ಫೋಟೊ. ಟಬ್ಮನ್ ಕುರ್ಚಿಯ ಬೆನ್ನಿನ ಮೇಲೆ ಕೈ ಚಾಚಿ ನೆಟ್ಟಗೆ ಕೂತಿದ್ದಾರೆ.

ಮೊದಲ ಪ್ರಶ್ನೆ, ಇಂಗ್ಲಿಷಿನಲ್ಲಿ ‘ಕ್ವಿಲ್ಟ್’ ಅನ್ನುವ ಇದನ್ನು ಕನ್ನಡದಲ್ಲಿ ಏನೆಂದು ಕರೆಯುವುದು? ‘ರಜಾಯಿ’ ಅಂದರೆ ಹತ್ತಿ ತುಂಬಿದ್ದು, ಸರಿಹೋಗಲ್ಲ. ನನಗೆ ತಕ್ಷಣ ಹೊಳೆದದ್ದು ಕೌದಿ. ನಮ್ಮ ಆಯಿ ಹಳೆ ಸೀರೆ, ಧೋತರ ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ, ಓಟದ ಹೊಲಿಗೆ ಹಾಕುತ್ತಿದ್ದರು. ಅವ್ವನಿಗೆ ಫೋನಿನಲ್ಲಿ ಚಿತ್ರ ತೋರಿಸಿದೆ. ‘ಹಾಸಾಕ ಬರೂದಿಲ್ಲ, ಹೊದಿಯಾಕ ಬರೂದಿಲ್ಲ, ಅದೆಂಥಾ ಕೌದಿ?’ ಅಂದರು. ಆಮೇಲೆ ಬೆರಳಿನಿಂದ ಹಿಗ್ಗಿಸಿ, ಸೀರೆಯ ಸೆರಗು ನೋಡುವ ಹಾಗೆ ಹತ್ತಿರದಿಂದ ನೋಡಿ, ‘ಹೊಲಿಗಿ ಮಾತ್ರ ಕೌದೀದ’ ಅಂದರು.

ನನ್ನ ವಾದ ಇಷ್ಟು. ಕ್ವಿಲ್ಟ್ ಅನ್ನುವುದೂ ಇಂಗ್ಲಿಷಿನಲ್ಲಿ ಹಾಸಿಗೆಯ ಮೇಲಿನ ಮಾತೇ. ಗೋಡೆಗೆ ತೂಗುಹಾಕಿದರು ಅಂತ ಅವರೇನೂ ಹೊಸ ಪದ ಕಟ್ಟಲಿಲ್ಲ. ನಾವೇಕೆ ‘ಬಹುಪದರ ವಸ್ತ್ರಕಲೆ’ ಅಂತ ಸಂಸ್ಕೃತದ ಮೊರೆ ಹೋಗಬೇಕು? ಇನ್ನೊಂದು ಮಾತು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರೂ ಕೌದಿ ಹೊಲಿಯುತ್ತಾರೆ. ಅವರ ಹಿರೀಕರು ಆಫ್ರಿಕಾದಿಂದ ಬಂದವರು. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ‘ಫುಲಾ’ ಕೂಡಿಸದಿದ್ದರೆ ಆ ಕೌದಿ ಬತ್ತಲೆ ಎಂಬ ಮಾತು ಅವರಲ್ಲಿದೆ. ಹಾಗಾಗಿ ಬಟ್ಲರ್ ಅವರ ಕೆಲಸಕ್ಕೆ ಈ ಪದ ಹೊರಗಿನದು ಅಂತ ನನಗಂತೂ ಅನಿಸುವುದಿಲ್ಲ.

ಆದರೆ ತುಂಡಿನ ಮೇಲೆ ತುಂಡು ಕೂಡಿಸುವ ಕೆಲಸಕ್ಕೆ ಏನನ್ನುವುದು? ‘ತೇಪೆ’ ಅಂದರೆ ಹರಿದದ್ದನ್ನು ಮುಚ್ಚಿದ ಹಾಗೆ. ಮಾತಿಗೆ ತೇಪೆ ಹಾಕುತ್ತಾರಲ್ಲ, ಆ ವಾಸನೆ ಬಿಡುವುದಿಲ್ಲ. ಇಲ್ಲಿ ಮುಚ್ಚುವುದಕ್ಕೆ ತೂತೇ ಇಲ್ಲ. ಬಟ್ಲರ್ ಮೈಬಣ್ಣಕ್ಕೆ ಕಂದು ಬಟ್ಟೆ ಹುಡುಕುವವರಲ್ಲ. ನೀಲಿ, ನೇರಳೆ, ಕೆಂಪು ತುಂಡುಗಳಲ್ಲೇ ಕೆನ್ನೆ, ಹಣೆ ಎದ್ದು ಬರುತ್ತವೆ. ಮೈಸೂರು ಕಡೆಯವರು ‘ಬೊಂತೆ’ ಬಗ್ಗೆಯೂ ಹೇಳಿ. ನನ್ನ ಕಿವಿಗೆ ಅದು ಚಿಂದಿ ಅನ್ನುವುದಕ್ಕೆ ಹತ್ತಿರ.

‘ಭಾವಚಿತ್ರ’ ಬಿಟ್ಟಿದ್ದೇನೆ. ಅರ್ಜಿ ನಮೂನೆಯ ಮೂಲೆಯಲ್ಲಿ ಅಂಟಿಸುವ ಫೋಟೊ ನೆನಪಾಗುತ್ತದೆ. ಸುಮ್ನೆ ‘ಚಿತ್ರ’ ಸಾಕು.

ಎರಡನೆಯದು ಜಾಸ್ತಿ ಕಷ್ಟದ್ದು. ಟಬ್ಮನ್ 1849ರಲ್ಲಿ ಮೇರಿಲ್ಯಾಂಡಿನ ಗುಲಾಮಗಿರಿಯಿಂದ ತಪ್ಪಿಸಿಕೊಂಡರು. ಆಮೇಲೆ ಹದಿಮೂರು ಸಲವೋ ಏನೋ ವಾಪಸ್ಸು ಹೋಗಿ, ಸುಮಾರು 70 ಜನರನ್ನು ರಾತ್ರೋರಾತ್ರಿ ಉತ್ತರಕ್ಕೆ ಕರೆತಂದರು. ಆ ಗುಟ್ಟಿನ ದಾರಿ, ಅಡಗುಮನೆಗಳ ಜಾಲಕ್ಕೆ ‘ಅಂಡರ್‌ಗ್ರೌಂಡ್ ರೈಲ್‌ರೋಡ್’ ಅಂತ ರೈಲಿನ ಹೆಸರಿತ್ತು. ಅಲ್ಲಿ ನೆಲದಡಿಯೂ ಇಲ್ಲ, ಹಳಿಯೂ ಇಲ್ಲ. ನಮ್ಮ ಪತ್ರಿಕೆಗಳಲ್ಲಿ ‘ಭೂಗತ ರೈಲು’ ಅಂತ ಬರುತ್ತದೆ. ಓದಿದವರಿಗೆ ಮೆಟ್ರೊ ಹೊಳೆಯಬೇಕು, ಇಲ್ಲವೇ ಭೂಗತ ದೊರೆಗಳು! ‘ಗುಟ್ಟಿನ ರೈಲು’ ಅಂದರೆ ಹೇಗೆ?

ಆ ರೈಲಿನಲ್ಲಿ ಅವರು ‘ಕಂಡಕ್ಟರ್’. ನಮಗೆ ಕಂಡಕ್ಟರ್ ಅಂದರೆ ಹೆಗಲಿಗೆ ಚೀಲ, ಬೆರಳ ಸಂದಿಯಲ್ಲಿ ಮಡಿಸಿದ ನೋಟು. ‘ಅಂಬಿಗಿತ್ತಿ’ ಅಂತ ಬರೆದು ನೋಡಿದೆ. ದಾಟಿಸುವವಳು ಅನ್ನುವ ಅರ್ಥ ಚೆನ್ನಾಗಿತ್ತು, ರೈಲು ಮಾತ್ರ ಕೈತಪ್ಪಿತು. ಕೊನೆಗೆ ಟಬ್ಮನ್ 1896ರಲ್ಲಿ ಮಹಿಳೆಯರ ಮತದಾನದ ಹಕ್ಕಿನ ಸಭೆಯೊಂದರಲ್ಲಿ ಹೇಳಿದ ಮಾತು ಸಿಕ್ಕಿತು. ಎಂಟು ವರ್ಷ ಕಂಡಕ್ಟರ್ ಆಗಿದ್ದೆ, ನನ್ನ ರೈಲು ಒಮ್ಮೆಯೂ ಹಳಿ ತಪ್ಪಲಿಲ್ಲ, ಒಬ್ಬ ಪ್ರಯಾಣಿಕರೂ ಕೈಬಿಟ್ಟು ಹೋಗಲಿಲ್ಲ ಅನ್ನುವುದು ಅದರ ತಾತ್ಪರ್ಯ. ‘ಹಳಿ ತಪ್ಪು’ ನಮ್ಮಲ್ಲೂ ಇರುವ ನುಡಿಗಟ್ಟೇ ಅಲ್ವಾ? ಯಾರಿಗೂ ಅನುಮಾನ ಬರಬಾರದು ಅಂತಲೇ ದಿನಬಳಕೆಯ ಪದ ಇಟ್ಟುಕೊಂಡವರು ಅವರು. ಹಾಗಾದರೆ ಕಂಡಕ್ಟರ್ ಕಂಡಕ್ಟರ್ ಆಗಿಯೇ ಇರಲಿ ಅಂತ ನನ್ನ ಲೆಕ್ಕ.

ಸದ್ಯ ಬರೆದಿಟ್ಟಿರುವುದು: ‘ಗುಟ್ಟಿನ ರೈಲಿನ ಕಂಡಕ್ಟರ್ ಹ್ಯಾರಿಯೆಟ್ ಟಬ್ಮನ್. ಕೌದಿ ಚಿತ್ರ: ಬೀಸಾ ಬಟ್ಲರ್, 2021.’ ನಾಳಿದ್ದು ಪುಟ ಅಚ್ಚಿಗೆ ಹೋಗುತ್ತದೆ. ತಿದ್ದುವವರು ಅಷ್ಟರೊಳಗೆ ತಿದ್ದಿ. ‘ತೇಪೆ’ಗೆ ಬದಲಿ ಪದ ಯಾರ ಮನೆಯಲ್ಲಾದರೂ ಇದ್ದರೆ ಮೊದಲು ಅದನ್ನು ಕಳಿಸಿ.