ಅಮೆರಿಕದಾಗ ಬಂದೂಕಿಗೆ ಲಗಾಮು ಹಾಕೂದು ಇನ್ನ ಆಗೂ ಮಾತೇನ್ರಿ?

ದುರ್ಗದಬೈಲ್ ದುನಿಯಾ: ನಮ್ಮ ಅಕ್ಕನ ಮಗ ಟೆಕ್ಸಾಸಿನಾಗ ಅದಾನ. ಅವನ ಹುಡುಗರಿಗೆ ಗುಂಡಿನ ಸಪ್ಪಳ ಕೇಳಿದ್ರ ಹೆಂಗ ಅಡಗಬೇಕು ಅಂತ ಸಾಲ್ಯಾಗ ಡ್ರಿಲ್ ಮಾಡಸ್ತಾರ. 2017ರ ಅಂದಾಜಿನಾಗ ಇಡೀ ಅಮೆರಿಕದಾಗ 100 ಮಂದಿಗೆ 120 ಬಂದೂಕು. ಈಗ ಕಾನೂನು ಅಂದ್ರ ಕೆರಿ ಒಡದ ಮ್ಯಾಲೆ ತೂಬು ಮುಚ್ಚಿದಂಗ.

ಸಾಧನಕೇರಿ ಸುಬ್ಬಿ: ತೂಬು ಮುಚ್ಚಿದವರು ಅದಾರಲ್ಲ. ಆಸ್ಟ್ರೇಲಿಯಾದ ಪೋರ್ಟ್ ಆರ್ಥರ್‌ನಾಗ 1996ರಾಗ 35 ಮಂದಿ ಸತ್ರು. ಸರಕಾರ ರೊಕ್ಕ ಕೊಟ್ಟು ಸುಮಾರು 6.5 ಲಕ್ಷ ಬಂದೂಕು ವಾಪಸ್ ತಗೊಂಡು ನಾಶ ಮಾಡ್ತು.

ವಿದ್ಯಾನಗರ ವಕೀಲ: ‘ರೊಕ್ಕ ಕೊಟ್ಟು’ ಅಂದ್ರಿ. ಅಮೆರಿಕದಾಗ ಇರೂದು 39 ಕೋಟಿ. ಯಾರಪ್ಪನ ರೊಕ್ಕ? ಅವರ ಸಂವಿಧಾನದ 1791ರ ಎರಡನೇ ತಿದ್ದುಪಡಿ ಓದ್ರಿ. ಬಂದೂಕು ವ್ಯಕ್ತಿಯ ಹಕ್ಕು ಅಂತ 2008ರಾಗ ಹೆಲರ್ ಪ್ರಕರಣದಾಗ ಸುಪ್ರೀಂ ಕೋರ್ಟೇ ಹೇಳೇತಿ.

ಸಾಧನಕೇರಿ ಸುಬ್ಬಿ: ಅದ ತೀರ್ಪಿನಾಗ ಹಕ್ಕಿಗೂ ಮಿತಿ ಐತಿ ಅಂತ ಬರದೈತಿ. ಆ ಪುಟ ಹರದು ಓದೀರೇನು ವಕೀಲ್ರ?

ನರಗುಂದ ಗುಡ್ಡ: ಹಕ್ಕು ಅಂದ್ರ ಹಕ್ಕು! 1857ರಾಗ ಕಂಪನಿ ಸರಕಾರ ಆಯುಧ ಕಸಗೊಳ್ಳಾಕ ಬಂದಾಗ ಹಲಗಲಿ ಬೇಡರು ಸುಮ್ನ ಕುಂತ್ರೇನು? ನಮ್ಮ ನರಗುಂದದ ಅರಸ ಬಾಬಾಸಾಹೇಬ ಸುಮ್ನ ಕುಂತನೇನು?

ಸಾಲಿ ಮಾಸ್ತರ: ಎರಡೂ ಒಂದ ಹಗ್ಗಕ್ಕ ಕಟ್ಟಬ್ಯಾಡ್ರಿ. ಬಾಬಾಸಾಹೇಬನ ಸಿಟ್ಟು ಕಂಪನಿಯವರು ದತ್ತಕಕ್ಕ ಒಪ್ಪಲಿಲ್ಲ ಅಂತ. ಹಲಗಲಿ ಅಂತೂ ಮುಧೋಳ ಸಂಸ್ಥಾನದ್ದು, ಈಗ ಬಾಗಲಕೋಟಿ ಜಿಲ್ಲಾ. ನಿಮಗೇನು ಸಂಬಂಧ?

ನರಗುಂದ ಗುಡ್ಡ: ಸುರೇಬಾನದಾಗ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ರುಂಡ ಇಳಿಸಿದ್ದು ದತ್ತಕದ ಕಾಗದದಿಂದೇನ್ರಿ?

ಸಾಲಿ ಮಾಸ್ತರ: ರುಂಡ ಬಂದೂಕಿಲೆ ಇಳಿಯೂದಿಲ್ಲ, ಅಷ್ಟು ಗೊತ್ತೈತಿ. ಆಮ್ಯಾಲೆ ಏನಾತು? 1858ರಾಗ ಬೆಳಗಾವ್ಯಾಗ ಗಲ್ಲು.

ನರಗುಂದ ಗುಡ್ಡ: ಗಲ್ಲಿಗೇರಿದಾಂವನ್ನ ಅಣಕ ಮಾಡ್ತೀರಿ? ಧಾರವಾಡದಾಗ ಕುಂತು ಪೇಢೆ ತಿನ್ನೋರಿಗೆ ಇದೆಲ್ಲಾ ಎಲ್ಲಿ ತಿಳೀಬೇಕು!

ಸಾಲಿ ಮಾಸ್ತರ: ನಾ ರೋಣದಾಂವ.

ಬ್ಯಾಡಗಿ ಖಾರ: ನಿಮ್ಮ ಗದಗ ಜಿಲ್ಲಾ ಜಗಳ ಆತಂದ್ರ ಒಂದ್ ಮಾತು. ಗೋವಿನಜೋಳಕ್ಕ ಹಂದಿ ಕಾಟ ಅಂತ ನಂಗೂ ಬೆಳೆ ರಕ್ಷಣೆ ಲೈಸೆನ್ಸ್ ಐತಿ. ಚುನಾವಣೆ ಬಂತು ಅಂದ್ರ ಕೋವಿ ಠಾಣೆಗೆ ಒಪ್ಪಿಸಿ ಚೀಟಿ ಇಸ್ಕೊಂಡು ಬರಬೇಕು. ಹಂದಿಗೇನು ನೀತಿ ಸಂಹಿತೆ ಐತೇನು? ನಿಯಂತ್ರಣ ಅಂದ್ರ ಬರೇ ನಮ್ಮಂಥ ಬಡವ್ರ ಮ್ಯಾಲೆ.

ಸಾಧನಕೇರಿ ಸುಬ್ಬಿ: ಆ ಚೀಟಿನ ನನ್ನ ಸಾಕ್ಷಿ! ಯಾರ ಮನ್ಯಾಗ ಯಾವ ಕೋವಿ ಐತಿ ಅಂತ ಇಲ್ಲಿ ಠಾಣೆಗೆ ಗೊತ್ತು. ಅಲ್ಲಿ ಕೇಂದ್ರ ಸರಕಾರ ಅಂಥ ಪಟ್ಟಿ ಇಡಬಾರದು ಅಂತ 1986ರ ಕಾನೂನ ಐತಿ. ಅಂದ್ರ ಆಗೂದಿಲ್ಲ ಅಂತಲ್ಲ, ಆಗಾಕ ಬಿಟ್ಟಿಲ್ಲ.

ದುರ್ಗದಬೈಲ್ ದುನಿಯಾ: ಪಟ್ಟಿ, ಪಟ್ಟಿ. 2015ರಾಗ ಧಾರವಾಡದ ಕಲ್ಯಾಣನಗರದಾಗ ಸಂಶೋಧಕ ಎಂ.ಎಂ. ಕಲಬುರ್ಗಿ ಸರ್‌ಗೆ ಗುಂಡು ಹೊಡದ್ರಲ್ಲ, ಆ ಪಿಸ್ತೂಲು ಯಾವ ಪಟ್ಟ್ಯಾಗ ಇತ್ತು?

ಸಾಧನಕೇರಿ ಸುಬ್ಬಿ: ಅವರ ಹೆಸರು ತಗದು ವಾದ ಗೆಲ್ಲಾಕ ಬರಬ್ಯಾಡ್ರಿ. ನಾ ಅವರ ಕಡೆ ಕಲತಾಕಿ.

ದುರ್ಗದಬೈಲ್ ದುನಿಯಾ: ಗೆಲ್ಲಾಕ ಅಲ್ರಿ... ಇರಲಿ.

ವಿದ್ಯಾನಗರ ವಕೀಲ: ಪಟ್ಟಿ ಮಾತು ತಗದ್ರಿ ಅಂತ ಹೇಳ್ತೀನಿ, ಹೊಸಾ ಮಾರಾಟಕ್ಕ ತಪಾಸಣೆ ಬ್ಯಾಡ ಅಂತ ನಾ ಎಲ್ಲೂ ಅಂದಿಲ್ಲ. ಹಳೇ 39 ಕೋಟಿ ಲೆಕ್ಕ ಇನ್ನೂ ಕೊಟ್ಟಿಲ್ಲ ನೀವು.

ನರಗುಂದ ಗುಡ್ಡ: ಮಾಸ್ತರ, ರೋಣದಾಗ ಯಾವ ಓಣಿ?

ಸಾಲಿ ಮಾಸ್ತರ: ಯಾಕ, ಬಂದೂಕು ತರ್ತೀಯೇನು?

ನರಗುಂದ ಗುಡ್ಡ: ಲೈಸೆನ್ಸ್ ಇಲ್ರಿ. ಬಾಬಾಸಾಹೇಬನ ಪುಸ್ತಕ ತರ್ತೀನಿ, ಎದುರು ಕುಂಡ್ರಿಸಿ ಓದಸ್ತೀನಿ.