‘ಟಬೂ’ ಎಂದು ಬರೆಯಬೇಕೇ, ‘ನಿಷೇಧ’ ಎಂದರೆ ಸಾಕೇ?

ಬದಿಯಡ್ಕದ ಮಾಸ್ತರ್:
ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಕ್ಕಳಿಗಾಗಿ ಪದಗಳ ಕೈಪಿಡಿಯೊಂದನ್ನು ಬರೆಯುತ್ತಿದ್ದು, ಮುಟ್ಟಬಾರದು, ಮಾಡಬಾರದು ಎಂಬರ್ಥದ ಇಂಗ್ಲಿಷಿನ ‘taboo’ ಪದದ ಬಳಿ ತಡೆದು ನಿಂತಿದ್ದೇನೆ. ಟಬೂ, ಟಾಬೂ, ಟ್ಯಾಬೂ ಎಂದು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುತ್ತಾರೆ. ಕನ್ನಡದ ಪದವೇ ಇರಲಿ ಎಂದರೆ ಉತ್ತರಪತ್ರಿಕೆಗಳಲ್ಲಿ ನಿಷೇಧ, ನಿಷೇದ, ನಿಶಿದ್ಧ. ಮಲಯಾಳ ಕಿವಿಗೆ ಬಿದ್ದು ಬೆಳೆದ ಮಕ್ಕಳಲ್ಲಿ ‘ವಿಲಕ್ಕು’ ಕೂಡ.

ಕಾಗುಣಿತಕ್ಕಿಂತ ಅರ್ಥವೇ ನನ್ನನ್ನು ಹೆಚ್ಚು ಕಾಡುತ್ತಿದೆ. ಬಸ್ಸಿನಲ್ಲಿ ಧೂಮಪಾನಕ್ಕೆ ನಿಷೇಧವಿದೆ, ಫಲಕವಿದೆ, ದಂಡವಿದೆ. ನಮ್ಮ ಮನೆಯ ಹಿಂದಿನ ನಾಗಬನದಲ್ಲಿ ಫಲಕವೂ ಇಲ್ಲ, ಕಾವಲೂ ಇಲ್ಲ. ಆದರೂ ಗಾಳಿಗೆ ಮುರಿದು ಬಿದ್ದ ಕೊಂಬೆಯನ್ನು ಯಾರೂ ಒಲೆಗೆ ತರುವುದಿಲ್ಲ. ಎರಡಕ್ಕೂ ಒಂದೇ ಪದವೇ?

ಕುಂಬಳೆಯಿಂದ:
ಮಾಸ್ತರರೇ, ಈ ಪದ ಇಂಗ್ಲಿಷಿಗೂ ಹೊರಗಿನಿಂದ ಬಂದದ್ದು. ನಾವಿಕ ಜೇಮ್ಸ್ ಕುಕ್ 1777ರಲ್ಲಿ ಶಾಂತಸಾಗರದ ಟೊಂಗಾ ದ್ವೀಪಗಳಲ್ಲಿ ಇದನ್ನು ಕೇಳಿ ದಿನಚರಿಯಲ್ಲಿ ಬರೆದುಕೊಂಡ. ಟೊಂಗಾದವರಿಗೂ ನ್ಯೂಜಿಲೆಂಡಿನ ಮಾವೊರಿಗಳಿಗೂ ಅದು ‘ತಪು’. ಹವಾಯಿಯಲ್ಲಿ ತಕಾರದ ಜಾಗಕ್ಕೆ ಕಕಾರ ಬಂದು ‘ಕಪು’. ಫಿಜಿಯವರು ‘ತಬು’ ಎಂದು ಬರೆದು ‘ತಂಬು’ ಎಂದು ಓದುತ್ತಾರೆ. ಇಂಗ್ಲಿಷಿನವರು ಕೊನೆಯ ಅಕ್ಷರವನ್ನು ಒತ್ತಿ ಹೇಳಿದ್ದರಿಂದ ‘ಬೂ’ ದೀರ್ಘವಾಯಿತು, ಮೊದಲಿನದು ಹ್ರಸ್ವ. ‘ಟ್ಯಾಬೂ’ ಎನ್ನುವವರೂ ಇದ್ದಾರೆ, ಆದರೆ ಕನ್ನಡದಲ್ಲಿ ‘ಟಬೂ’ ಎಂದೇ ಬರೆಯುವುದು ಒಳ್ಳೆಯದು.

ಅರ್ಥದ ವಿಷಯದಲ್ಲಿ ನಿಮ್ಮ ಸಂಶಯ ಸರಿಯಾಗಿದೆ. ಮಾವೊರಿ ಮುಖಂಡನ ತಲೆ ತಪು, ಅದು ಪವಿತ್ರವಾದ್ದರಿಂದ. ಶವವೂ ತಪು. ಆ ಕಟ್ಟು ಕಳೆದು ಸಾಮಾನ್ಯ ಬಳಕೆಗೆ ಮರಳಿದ್ದು ‘ನೊಅ’. ಹವಾಯಿಯಲ್ಲಿ ಹೆಂಗಸರು ಗಂಡಸರ ಜತೆ ಕುಳಿತು ಉಣ್ಣುವಂತಿರಲಿಲ್ಲ. ಹಂದಿಮಾಂಸ, ತೆಂಗಿನಕಾಯಿ, ಹೆಚ್ಚಿನ ಬಗೆಯ ಬಾಳೆಹಣ್ಣು ಅವರಿಗೆ ಕಪು. ತೆಂಗಿನಕಾಯಿ ಮುಟ್ಟದೆ ಬದುಕುವುದನ್ನು ನಮ್ಮ ಕಡೆಯ ಹೆಂಗಸರು ಒಮ್ಮೆ ಊಹಿಸಿಕೊಳ್ಳಲಿ! 1819ರಲ್ಲಿ ಅಲ್ಲಿನ ದೊರೆ ಒಂದನೆಯ ಕಮೆಹಮೆಹ ತೀರಿಕೊಂಡ ಬಳಿಕ ಅವನ ಮಗ ಲಿಹೊಲಿಹೊ ಹೆಂಗಸರ ಪಂಕ್ತಿಯಲ್ಲಿ ಕುಳಿತು ಉಂಡ. ಎಲ್ಲರ ಕಣ್ಣೆದುರಿನ ಆ ಊಟದೊಂದಿಗೆ ಕಪು ವ್ಯವಸ್ಥೆಯೇ ಕುಸಿಯಿತು. ಇದನ್ನು ಮಕ್ಕಳಿಗೆ ಖಂಡಿತ ಹೇಳಿ.

ವ್ಯಾಕರಣಪ್ರಿಯ:
‘ನಿಷೇಧ’ದ ಬಗ್ಗೆ ಮಾತ್ರ ಹೇಳುತ್ತೇನೆ. ಧಾತು ‘ಸಿಧ್’. ‘ನಿ’ಯಲ್ಲಿರುವ ಇಕಾರದಿಂದ ಸಕಾರ ಷಕಾರವಾಗುತ್ತದೆ, ‘ಅಭಿ’ಯ ಮುಂದೆ ‘ಸೇಕ’ವು ‘ಷೇಕ’ವಾಗಿ ಅಭಿಷೇಕ ಆದಂತೆ. ಕೊನೆಯ ಧಕಾರ ಧಾತುವಿನದೇ. ನಿಷೇಧ, ನಿಷಿದ್ಧ, ಉಳಿದವು ತಪ್ಪು.

ಪೆರ್ಲದ ಅಕ್ಕ:
ಇಷ್ಟು ದೂರದ ದ್ವೀಪಗಳಿಗೆ ಹೋದವರು ನಮ್ಮ ಅಡುಗೆಮನೆಗೂ ಬನ್ನಿ. ಅಜ್ಜಿ ಮಡಿಬಟ್ಟೆಯನ್ನು ಕೋಲಿನಿಂದ ಎತ್ತಿ, ಮೇಲಿನ ಬಿದಿರಿನ ಗಳದ ಮೇಲೆ ಸುಕ್ಕಿಲ್ಲದಂತೆ ಹರವುತ್ತಿದ್ದರು. ಅದನ್ನು ನಾವು ಮುಟ್ಟಬಾರದು. ಸೂತಕದ ಮನೆಯವರನ್ನೂ ಮುಟ್ಟಬಾರದು. ಮೊದಲನೆಯದು ಶುದ್ಧವೆಂದು, ಎರಡನೆಯದು ಅಶುದ್ಧವೆಂದು. ಕೈ ಹಿಂದೆಗೆಯುವ ಬಗೆ ಮಾತ್ರ ಒಂದೇ. ಮಡಿ, ಮೈಲಿಗೆ ಎರಡನ್ನೂ ಒಟ್ಟಿಗೆ ಹಿಡಿದರೆ ನೀವು ಹೇಳುವ ತಪುವಿಗೆ ಹತ್ತಿರ ಬರುತ್ತದೆ. ಮೈಲಿಗೆ ಒಂದನ್ನೇ ಕೊಟ್ಟರೆ ಅರ್ಧ ಅರ್ಥ ಬಿಟ್ಟುಹೋಗುತ್ತದೆ.

ತುಳುವಿನಲ್ಲಿ ಇದಕ್ಕೆಲ್ಲ ‘ಬಲ್ಲಿ’ (ಕೂಡದು) ಎಂದರೆ ಮುಗಿಯಿತು. ಸಂಜೆ ದೀಪ ಹಚ್ಚಿದ ಮೇಲೆ ಗುಡಿಸುವುದು ಬಲ್ಲಿ. ಏಕೆ ಎಂದು ಕೇಳುವುದೂ ಬಲ್ಲಿ ಎಂದೇ ನಾನು ಬೆಳೆದದ್ದು, ಅದರಲ್ಲೂ ಮುಟ್ಟಿನ ದಿನಗಳಲ್ಲಿ ಹೊರಗೆ ಕೂರಿಸಿದಾಗ. ಹಾಗಾಗಿ ಈ ಪಾಠದಲ್ಲಿ ಪ್ರಶ್ನೆ ಕೇಳಲು ಹೆಣ್ಣುಮಕ್ಕಳಿಗೆ ಅವಕಾಶ ಕೊಡಿ.

ಇನ್ನೊಂದು ಮಾತು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟವಾದ ಕೊಡವರ ಅಧ್ಯಯನದಲ್ಲಿ ಮಡಿ ಮತ್ತು ಪೊಲೆ ಎಂಬ ಜೋಡಿಯನ್ನು ವಿವರಿಸಿದ್ದಾರೆ. ಪೊಲೆ ಎಂದರೆ ಮೈಲಿಗೆ; ಅದೇ ಪದ ಕನ್ನಡದಲ್ಲಿ ಹೊಲೆ, ಮಲಯಾಳದಲ್ಲಿ ಪುಲ. ಆ ಪದವನ್ನು ನಮ್ಮ ಸಮಾಜ ಒಂದು ಜನವರ್ಗದ ಹೆಸರಿಗೇ ಅಂಟಿಸಿ ತಲೆಮಾರುಗಳ ಕಾಲ ಅವಮಾನಿಸಿತು. ಕೈಪಿಡಿಯಲ್ಲಿ ಅದನ್ನು ಸಮಾನಪದವಾಗಿ ಕೊಡಬೇಡಿ. ನಿಮ್ಮ ತರಗತಿಯಲ್ಲಿ ಅದನ್ನು ಕೇಳಿ ತಲೆ ತಗ್ಗಿಸುವ ಮಗುವಿರಬಹುದು.

ಬದಿಯಡ್ಕದ ಮಾಸ್ತರ್:
ಅಕ್ಕಾ, ಆ ಕೊನೆಯ ಮಾತು ಬಹಳ ಮುಖ್ಯ. ಆ ಪದವನ್ನು ಕೊಡುವುದಿಲ್ಲ. ನಮೂದನ್ನು ಹೀಗೆ ಬರೆದಿದ್ದೇನೆ:

‘ಟಬೂ: ಪವಿತ್ರವೆಂದೋ ಅಶುದ್ಧವೆಂದೋ ಅಪಾಯವೆಂದೋ ನಂಬಿ ಒಂದು ಸಮಾಜ ದೂರವಿಡುವ ವಸ್ತು, ವ್ಯಕ್ತಿ, ಕೆಲಸ ಅಥವಾ ಮಾತು. ಮೂಲ ಶಾಂತಸಾಗರದ ಪಾಲಿನೇಷ್ಯಾ ದ್ವೀಪಗಳ ತಪು. ನಿಷೇಧ: ಕಾನೂನು ಅಥವಾ ಅಧಿಕಾರ ಹೇರುವ ತಡೆ.’

ಎರಡರ ವ್ಯತ್ಯಾಸಕ್ಕೆ ಉದಾಹರಣೆಯಾಗಿ ಸಂವಿಧಾನದ 17ನೇ ವಿಧಿಯನ್ನು ಕೊಡುತ್ತೇನೆ. ಮುಟ್ಟಬಾರದು ಎಂಬ ಟಬೂವನ್ನು ಮನುಷ್ಯರ ಮೇಲೆ ಹೇರಿದ್ದು ಸಮಾಜ. ಆ ಆಚರಣೆಯನ್ನೇ ನಿಷೇಧಿಸಿದ್ದು ಸಂವಿಧಾನ. ‘ಬಲ್ಲಿ’ಗೂ ಒಂದು ನಮೂದು ಇರಲಿ ಎನಿಸುತ್ತಿದೆ. ಮಂಜೇಶ್ವರದ ಕಡೆಯವರು ನಿಮ್ಮ ಮನೆಗಳಲ್ಲಿ ಕೇಳಿದ ವಾಕ್ಯಗಳನ್ನು ಇಲ್ಲಿ ಬರೆದು ತಿಳಿಸಿ.